ಇಲ್ಲದ ಊರಿನ ನಾಲ್ಕು ಹೊಲಗಳು

ಹಣದುಬ್ಬರ ಎಂಬ ವಿಷಯವನ್ನು ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಬೋಧಿಸಿದ್ದೇನೆ. ಬೋಧಿಸಿದ್ದೇನೆ ಎಂದರೆ, ಊಟವಾದ ಮೇಲಿನ ತರಗತಿಯಲ್ಲಿ ನಾನು ಅದನ್ನು ಹೇಳುತ್ತಿದ್ದೆ, ವಿದ್ಯಾರ್ಥಿಗಳು ಕಣ್ಣು ತೆರೆದುಕೊಂಡೇ ನಿದ್ರಿಸುವ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದರು. ನನಗೂ ಅದು ಪುಸ್ತಕದಲ್ಲಿದ್ದ ಸಂಗತಿಯೇ ಹೊರತು ಕಣ್ಣಾರೆ ಕಂಡದ್ದಲ್ಲ. ಒಂದು ನಾಡಿನ ಹಣ ಹುಟ್ಟಿ, ಕೊಬ್ಬಿ, ಕೆಟ್ಟು, ಕೊನೆಗೆ ಅದಕ್ಕೆ ಒಂದು ರೊಟ್ಟಿಯೂ ಸಿಗದ ಹಾಗಾಗುವುದನ್ನು ಕುರ್ಚಿ ಹಾಕಿಕೊಂಡು ಆದ್ಯಂತವಾಗಿ ನೋಡುವ ಭಾಗ್ಯ ನನಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಭಾವಮೈದನ ದೆಸೆಯಿಂದ.

ಭಾವಮೈದ ಎಂದರೆ ನನ್ನ ಹೆಂಡತಿಯ ತಮ್ಮ, ಸೊರಬದವನು. ಅಪ್ಪನಿಂದ ಒಂದಿಷ್ಟು, ಬ್ಯಾಂಕಿನಿಂದ ಒಂದಿಷ್ಟು ಎತ್ತಿ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿದ್ದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಧೂಳು ಬಿದ್ದರೆ ಯಂತ್ರ ಕೆಡುತ್ತದೆ ಎಂದು ಅವನು ಹೇಳುತ್ತಿದ್ದ. ಆದರೆ ಬೆಳಿಗ್ಗೆ ಯಂತ್ರಗಳ ಮೇಲೆ ಹೊದಿಸಿದ್ದ ಬಟ್ಟೆ ತೆಗೆಯುವ ಮೊದಲು ಅವನು ಊದುಬತ್ತಿ ಬೆಳಗುವುದನ್ನು ಕಂಡವರಿಗೆ ಅಸಲಿ ಕಾರಣ ತಿಳಿಯುತ್ತಿತ್ತು. ದೇವರುಗಳು ನಾಲ್ಕಿದ್ದವು, ಭಕ್ತರು ಮಾತ್ರ ಸಾಲುತ್ತಿರಲಿಲ್ಲ. ಕಲಿಯಲು ಬಂದವರು ಮೊದಲ ತಿಂಗಳ ಫೀಸು ಕೊಟ್ಟು ಎರಡನೇ ತಿಂಗಳು ಅಂತರ್ಧಾನರಾಗುತ್ತಿದ್ದರು.

ಇಂಥ ಹೊತ್ತಿನಲ್ಲಿ ದಾವಣಗೆರೆಯ ಅವನ ಗೆಳೆಯನೊಬ್ಬ ಒಂದು ಆಟ ಕೊಟ್ಟ. ಚಿತ್ರವೇ ಇಲ್ಲದ ಆಟ. ಕಪ್ಪು ಪರದೆ, ಹಸಿರು ಅಕ್ಷರ. 'ನೀವು ಬಾವಿಯ ಬಳಿ ನಿಂತಿದ್ದೀರಿ. ಉತ್ತರಕ್ಕೆ ಕಾಡು, ದಕ್ಷಿಣಕ್ಕೆ ರೊಟ್ಟಿಯ ಅಂಗಡಿ' ಎಂದು ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ಏನು ಮಾಡಬೇಕೆಂದು ನೀವೂ ಇಂಗ್ಲಿಷಿನಲ್ಲೇ ಟೈಪು ಮಾಡಬೇಕು. ನಾಲ್ಕು ಯಂತ್ರಗಳನ್ನು ತಂತಿಯಿಂದ ಬಿಗಿದಿದ್ದರಿಂದ ನಾಲ್ಕು ಜನ ಏಕಕಾಲಕ್ಕೆ ಅದೇ ಊರಿನಲ್ಲಿ ಓಡಾಡಬಹುದು, ಒಬ್ಬರೊಡನೊಬ್ಬರು ಮಾತಾಡಬಹುದು, ಹೊಡೆದಾಡಬಹುದು. ಇಲಿ ಹೊಡೆದರೆ ಒಂದು ಚಿನ್ನದ ನಾಣ್ಯ, ತೋಳ ಹೊಡೆದರೆ ಹತ್ತು. ಆ ನಾಣ್ಯಕ್ಕೆ ನಾವು ವರಹ ಎಂದು ಹೆಸರಿಟ್ಟುಕೊಂಡೆವು. ದಿನಕ್ಕೊಂದು ರೊಟ್ಟಿ ಕೊಂಡು ತಿನ್ನದಿದ್ದರೆ ನಿಮ್ಮ ಮನುಷ್ಯ ಸಾಯುತ್ತಾನೆ. ಸತ್ತರೆ ಆಸ್ತಿಯೆಲ್ಲ ಹೋಗಿ ಮತ್ತೆ ಬಾವಿಯ ಹತ್ತಿರ ಬರಿಗೈಯಲ್ಲಿ ಹುಟ್ಟಬೇಕು. ಪುನರ್ಜನ್ಮದ ಬಗ್ಗೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವಾದ್ದರಿಂದ ಆಟ ಬೇಗ ಹತ್ತಿತು. ಬ್ಯಾಂಕಿನ ಗುಮಾಸ್ತ, ದನದ ಆಸ್ಪತ್ರೆಯ ಕಾಂಪೌಂಡರ್, ಕೋರ್ಟಿನ ಟೈಪಿಸ್ಟ್, ಹೀಗೆ ಇಪ್ಪತ್ತು ಇಪ್ಪತ್ತೈದು ಜನ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಪಾಳಿಯ ಮೇಲೆ ಇಲಿ ಹೊಡೆಯತೊಡಗಿದರು.

ಭಾವಮೈದನಿಗೆ ಹುಮ್ಮಸ್ಸು ಬಂತು. ಸೊರಬದಲ್ಲಿ ನನ್ನ ಮಾವನ ಮನೆಯ ಜಗಲಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಮನೆಯ ಫೋನಿಗೆ ಮೋಡೆಮ್ ಸಿಕ್ಕಿಸಿ, ಶಿಕಾರಿಪುರದ ಯಂತ್ರಕ್ಕೆ ಜೋಡಿಸಿದ. 'ಸೊರಬ ಶಾಖೆ' ಎಂದು ಬೋರ್ಡು ಬರೆಸಿದ. ನಮ್ಮ ಅತ್ತೆಯವರು ಯಾರಿಗಾದರೂ ಫೋನು ಮಾಡಲು ರಿಸೀವರ್ ಎತ್ತಿದರೆ ಸಾಕು, ಸೊರಬ ಶಾಖೆಯ ವೀರ ಕಾಡಿನ ಮಧ್ಯೆ ಕಂಬದ ಹಾಗೆ ನಿಂತುಬಿಡುತ್ತಿದ್ದ, ತೋಳಗಳು ಬಂದು ನಿಧಾನವಾಗಿ ತಿಂದುಹೋಗುತ್ತಿದ್ದವು.

ಆ ಮೊದಲ ತಿಂಗಳುಗಳನ್ನು ಆ ನಾಡಿನ ಸುವರ್ಣಯುಗ ಎನ್ನಬಹುದು. ರೊಟ್ಟಿಗೆ ಎರಡು ವರಹ. ಯಾರೂ ಶ್ರೀಮಂತರಲ್ಲ, ಯಾರೂ ಉಪವಾಸ ಬಿದ್ದವರಲ್ಲ. ಊರ ಹೊರಗೆ ನಾಲ್ಕು ಗೋಧಿ ಹೊಲಗಳಿದ್ದವು. ಅಲ್ಲಿ ಬೆಳೆದ ಗೋಧಿಯಷ್ಟೇ ಅಂಗಡಿಯಲ್ಲಿ ರೊಟ್ಟಿಯಾಗುತ್ತಿತ್ತು. ಬೇಸರವಾದವರು ಹೋಗಿ ಒಂದಿಷ್ಟು ಕಳೆ ಕಿತ್ತು ಬರುತ್ತಿದ್ದರು. ಹೊಲಗಳು ಸರಕಾರದವು, ಅಂದರೆ ಯಾರವೂ ಅಲ್ಲ.

ಈ ರಾಮರಾಜ್ಯಕ್ಕೆ ನಮ್ಮ ಮಂಡಿ ಸಾಹುಕಾರರು ಪ್ರವೇಶಿಸಿದ್ದು ಮಂಡಿಯ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಸುವ ನೆಪದಲ್ಲಿ. ಅಕ್ಕಿ, ಮೆಕ್ಕೆಜೋಳ, ಎಲ್ಲದರ ವ್ಯಾಪಾರ ಅವರದು. ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ನಾಲ್ಕು ಬೆರಳಿಗೆ ಉಂಗುರ. ಒಂದು ಕ್ಷಣ ನಿಂತು ಪರದೆ ನೋಡಿದರು.

"ಏನೋ ತಮ್ಮಾ, ಇಲ್ಲಿ ಏನು ಮಾರ್ತೀರಿ?"

"ಏನೂ ಮಾರಲ್ಲ ಸಾಹುಕಾರ್ರೆ. ಆಟ ಇದು" ಎಂದ ಭಾವಮೈದ.

"ಮತ್ತ ಇದರಾಗ ಅಂಗಡಿ ಐತಲ್ಲ? ಅಂಗಡಿ ಇಟ್ಕಂಡು ಆಟ ಅಂದ್ರ ಹೆಂಗ?"

ಅವರಿಗೂ ಒಂದು ಕುರ್ಚಿ ಸಿಕ್ಕಿತು. ಅವರ ಪರವಾಗಿ ಭಾವಮೈದನೇ ಟೈಪು ಮಾಡಿದ. ಸಾಹುಕಾರರು ಬಾವಿಯ ಬಳಿ ಹುಟ್ಟಿದರು, ಉತ್ತರಕ್ಕೆ ನಡೆದರು, ಒಂದು ಇಲಿ ಎದುರಾಯಿತು, ಸತ್ತರು. ಮತ್ತೆ ಹುಟ್ಟಿದರು. ಅದೇ ಇಲಿ. ಮತ್ತೆ ಸತ್ತರು. ಮೂರನೇ ಸಲಕ್ಕೆ ಅವರ ಮುಖ ಕೆಂಪೇರಿತು.

"ಇಲಿ ಬಾಯಾಗ ಸಾಯಾಕ ನಾನೇನು ಕಾಳಿನ ಚೀಲೇನು?"

ಪಕ್ಕದ ಕುರ್ಚಿಯಲ್ಲಿದ್ದ ಬ್ಯಾಂಕಿನ ಗುಮಾಸ್ತನ ಬಳಿ ಒಂದು ಕತ್ತಿಯಿತ್ತು. ಸಾಹುಕಾರರು ಅದನ್ನು ಓರೆಗಣ್ಣಿನಿಂದ ನೋಡಿದರು.

"ಆ ಕತ್ತಿ ಎಷ್ಟಕ್ಕ ಕೊಡ್ತೀರಿ?"

"ಮಾರೋದಲ್ರೀ ಇದು. ಮೂರು ವಾರ ಇಲಿ ಹೊಡ್ದು ತಗೊಂಡಿದ್ದು."

"ಅದಕ್ಕ ಕೇಳಾಕತ್ತೀನಿ. ಮೂರು ವಾರ ನನ್ನ ಹತ್ರ ಇಲ್ಲ. ಐವತ್ತು ರೂಪಾಯಿ ಐತಿ."

ಅರ್ಥಶಾಸ್ತ್ರದ ಇಡೀ ಒಂದು ಅಧ್ಯಾಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಗುಮಾಸ್ತ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಐವತ್ತರ ನೋಟು ಕೈ ಬದಲಾಯಿಸಿತು, ಕತ್ತಿಯೂ ಬದಲಾಯಿಸಿತು. ಸಾಹುಕಾರರು ಆ ಇಲಿಯನ್ನು ಹುಡುಕಿಕೊಂಡು ಹೋಗಿ ಕೊಂದು, ತೃಪ್ತಿಯಿಂದ ಮಂಡಿಗೆ ಮರಳಿದರು.

ಮಾರನೆಯ ದಿನದಿಂದ ಯಾರೂ ಆಟವನ್ನು ಆಟದ ಹಾಗೆ ಆಡಲಿಲ್ಲ. ಮುಂಚೆ ಕತ್ತಿ ಸಿಕ್ಕಿದವನು 'ಕತ್ತಿ ಸಿಕ್ತು' ಎಂದು ಕೂಗುತ್ತಿದ್ದ. ಈಗ ಪರದೆಗೆ ಬೆನ್ನು ಅಡ್ಡ ಕೊಟ್ಟು ಸುಮ್ಮನಾಗುತ್ತಿದ್ದ. ಸಂಜೆ ಸಾಹುಕಾರರು ಬಂದಾಗ ವ್ಯಾಪಾರ. ಆ ವ್ಯಾಪಾರವೂ ದನದ ಸಂತೆಯ ಪದ್ಧತಿಯಲ್ಲಿ. ಹೆಗಲ ಟವೆಲು ಇಳಿಸಿ ಮಾರುವವನ ಕೈಯ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಅದುಮುವುದು. ಒಂದು ಬೆರಳಿಗೆ ಇಷ್ಟು, ಎರಡಕ್ಕೆ ಇಷ್ಟು. ಬಾಯಲ್ಲಿ ಮಾತ್ರ "ಮಳಿ ಹೆಂಗ ನಿಮ್ಮ ಕಡೆ?" ಎಂದು ಲೋಕಾಭಿರಾಮ. ಎತ್ತು ಕೊಳ್ಳುವಾಗ ಇದಕ್ಕೊಂದು ಅರ್ಥವಿದೆ. ಆದರೆ ಕಂಪ್ಯೂಟರಿನ ಕೀಲಿಮಣೆಯ ಪಕ್ಕದಲ್ಲಿ ಇಬ್ಬರು ಗಂಭೀರ ಪುರುಷರು ಟವೆಲಿನ ಕೆಳಗೆ ಕೈ ಕೈ ಹಿಡಿದುಕೊಂಡು ಕೂತಿರುವುದನ್ನು ಕಂಡ ಹೊಸ ವಿದ್ಯಾರ್ಥಿನಿಯೊಬ್ಬಳು ಮರುದಿನ ಬರಲಿಲ್ಲ.

ಟವೆಲಿನಿಂದ ಒಂದು ಅನರ್ಥವಾಯಿತು. ಕತ್ತಿಗೆ ನಿಜವಾಗಿ ಎಷ್ಟು ಎಂದು ಯಾರಿಗೂ ಗೊತ್ತಾಗಲಿಲ್ಲ. ಕಾಂಪೌಂಡರ್ ತನಗೆ ನೂರು ಸಿಕ್ಕಿತೆಂದು ಜಂಬ ಕೊಚ್ಚಿದ; ಸಿಕ್ಕಿದ್ದು ಮಂಡಕ್ಕಿ ಮಿರ್ಚಿ ಮತ್ತು ಒಂದು ಚಹಾ. ಅವನ ಮಾತು ನಂಬಿದ ಟೈಪಿಸ್ಟ್ ಕಚೇರಿಗೆ ರಜೆ ಹಾಕಿ ಇಲಿ ಹೊಡೆದ. ಎಲ್ಲರೂ ಹೊಡೆದರು. ಇಡೀ ದಿನ ಕುರ್ಚಿಗೆ ಬಾಡಿಗೆ ಕೊಟ್ಟು ಗಳಿಸಿದ ವರಹವನ್ನು ಸಂಜೆ ಬಾಡಿಗೆಗಿಂತ ಕಡಿಮೆಗೆ ಸಾಹುಕಾರರಿಗೆ ಮಾರಿ, ವ್ಯಾಪಾರ ಕುದುರಿತೆಂದು ಮೀಸೆ ತಿರುವುತ್ತಿದ್ದರು. ಹೊಸದಾಗಿ ಬಂದವನಿಗೆ ಕಾಡಿನಲ್ಲಿ ಹೊಡೆಯಲು ಇಲಿಯೇ ಉಳಿದಿರಲಿಲ್ಲ.

ಭಾವಮೈದ ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ ನನ್ನ ಮನೆಗೆ ಬಂದು ಅಕ್ಕನ ಕೈಯ ಅವಲಕ್ಕಿ ತಿನ್ನುತ್ತ ಪೀಠಿಕೆ ಹಾಕಿದ.

"ಭಾವ, ಕರೆಂಟ್ ಬಿಲ್ ಬಂದಿದೆ. ಫೋನ್ ಬಿಲ್ಲೂ ಬಂದಿದೆ."

"ಕಟ್ಟು."

"ಅಲ್ಲ, ಅವರೆಲ್ಲ ಇಲಿ ಹೊಡ್ದು ವರಹ ಮಾಡ್ತಾರೆ. ನಂಗೆ ಹೊಡೆಯೋದೇ ಬೇಡ. ಒಂದು ಕಮಾಂಡ್ ಹಾಕಿದ್ರೆ ಎಷ್ಟು ಬೇಕಾದ್ರೂ ಹುಟ್ತಾವೆ. ಕೌಂಟರಿನಲ್ಲಿ ನಾನೇ ಮಾರಿದ್ರೆ?"

ನಾನು ಎದ್ದು ನಿಂತು, ಅವಲಕ್ಕಿಯ ಬಟ್ಟಲನ್ನು ಸಾಕ್ಷಿಯಾಗಿಟ್ಟುಕೊಂಡು, ನೋಟು ಮುದ್ರಿಸಿ ಸಾಲ ತೀರಿಸಿದ ರಾಜ್ಯಗಳ ಗತಿ ಏನಾಯಿತೆಂದು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆ. ಅವನು ತಲೆಯಾಡಿಸುತ್ತ ಕೇಳಿದ. ಕಣ್ಣು ತೆರೆದುಕೊಂಡೇ ಇದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಕೇಂದ್ರದ ಗೋಡೆಯ ಮೇಲೆ ಪ್ರಕಟಣೆ: ಹತ್ತು ರೂಪಾಯಿಗೆ ಸಾವಿರ ವರಹ. ಹೊರಗಿನವರಿಂದ ಕೊಳ್ಳುವುದು ನಿಷಿದ್ಧ. ನಿಷಿದ್ಧವೆಂದ ಕೂಡಲೇ ಟವೆಲಿನ ವ್ಯಾಪಾರ ಕೆಳಗಿನ ಚಹಾದಂಗಡಿಗೆ ಇಳಿಯಿತು, ಅಲ್ಲಿ ಹತ್ತು ರೂಪಾಯಿಗೆ ಸಾವಿರದ ಇನ್ನೂರು. ಭಾವಮೈದ ಸಾವಿರದ ಐನೂರು ಮಾಡಿದ. ಚಹಾದಂಗಡಿ ಎರಡು ಸಾವಿರಕ್ಕೆ ಹೋಯಿತು. ಹೀಗೆ ಮೇಲೂ ಕೆಳಗೂ ಸ್ಪರ್ಧೆ ನಡೆದು, ರೊಟ್ಟಿಯ ಬೆಲೆ ಎರಡರಿಂದ ನಲವತ್ತು, ನಲವತ್ತರಿಂದ ಮುನ್ನೂರು ಆಯಿತು. ರೊಟ್ಟಿ ಅಂಗಡಿಯವನು ಬುದ್ಧಿವಂತ. ಊರಲ್ಲಿ ಎಷ್ಟು ವರಹ ಓಡಾಡುತ್ತಿದೆ ಎಂದು ಲೆಕ್ಕ ಹಾಕಿ ಬೆಲೆ ಏರಿಸುವಂತೆ ಅವನನ್ನು ಯಾರೋ ಬರೆದಿದ್ದರು. ಆದರೆ ಕಾಡಿನಲ್ಲಿ ಒಂದು ಇಲಿಗೆ ಈಗಲೂ ಒಂದೇ ವರಹ. ರೂಪಾಯಿ ಕೊಡಲಾರದೆ ಮೈಬಗ್ಗಿಸಿ ದುಡಿಯುವ ಪ್ರಾಮಾಣಿಕನೊಬ್ಬ ಒಂದು ರೊಟ್ಟಿಗೆ ಮುನ್ನೂರು ಇಲಿ ಕೊಲ್ಲಬೇಕು. ಅಷ್ಟು ಕೊಲ್ಲುವಷ್ಟರಲ್ಲಿ ಅವನೇ ಹಸಿದು ಸಾಯುತ್ತಿದ್ದ. ತೆರಿಗೆ ಹಾಕಿ ಹೆಚ್ಚುವರಿ ಹಣ ಹೀರಬೇಕೆಂದು ನಾನು ಸಲಹೆ ಕೊಟ್ಟೆ. ಭಾವಮೈದ ಬಾವಿಗೆ ಸುಂಕ ಹಾಕಿದ. ಜನ ನೀರು ಕುಡಿಯುವುದು ಬಿಟ್ಟರು. ನಾನು ಸಲಹೆ ಕೊಡುವುದು ಬಿಟ್ಟೆ.

ಮಂಡಿಯವರ ಮೂಗು ಇಂಥ ಹೊತ್ತಿನಲ್ಲಿ ಚುರುಕು. ವರಹ ಕೂಡಿಡುವುದು ದಡ್ಡತನವೆಂದು ಮೊದಲು ಅರಿತವರು ಸಾಹುಕಾರರು. ಅವರು ಭಾವಮೈದನ ಕೈಗೆ ಸಾವಿರ ರೂಪಾಯಿ ನಗದು ಇಟ್ಟು ನಾಲ್ಕೂ ಗೋಧಿ ಹೊಲಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಹೊಲದ ಮುಂದೆ ನಿಂತರೆ 'ಈ ಹೊಲ ಇಂಥವರದು' ಎಂದು ಪರದೆಯ ಮೇಲೆ ಅವರ ಹೆಸರು ಬರುತ್ತಿತ್ತು. ತೊಡಕು ಒಂದೇ: ಹೊಲದಲ್ಲಿ ದಿನಾ ಕಳೆ ಕೀಳಬೇಕು, ಒಂದು ವಾರ ಬಿಟ್ಟರೆ ಬೆಳೆ ಹೋಗುತ್ತದೆ. ಸಾಹುಕಾರರ ಉಂಗುರದ ಬೆರಳು ಒಂದು ಕೀಲಿ ಒತ್ತಿದರೆ ಮೂರು ಒತ್ತಿಹೋಗುತ್ತಿತ್ತು. ಶಿಕಾರಿಪುರದಲ್ಲಿ ಎಲ್ಲರೂ ತೋಳ ಹೊಡೆಯುವ ವೀರರು. ಕಳೆ ಕೀಳುವ ಆಳು ಒಬ್ಬನೂ ಸಿಗಲಿಲ್ಲ.

ಸಿಕ್ಕಿದವರು ಸೊರಬದಲ್ಲಿ. ಅವರು ಪಟೇಲರು.

ಜಡೆ ಊರಿನ ಕಡೆಯ ಒಂದು ಹಳ್ಳಿಯ ಪಟೇಲಿಕೆ ಅವರ ಮನೆತನದ್ದು. ನಮ್ಮ ಮಾವನವರ ಗೆಳೆಯರು. ಬೆಳಗಿನ ಬಸ್ಸಿಗೆ ಸೊರಬಕ್ಕೆ ಬಂದು, ನಮ್ಮ ಮಾವನ ಜಗಲಿಯಲ್ಲಿ ಪೇಪರು ಓದಿ, ಕಾಫಿ ಕುಡಿದು, ಸರಕಾರವನ್ನು ಬೈದು, ಮಧ್ಯಾಹ್ನದ ಬಸ್ಸಿಗೆ ವಾಪಸಾಗುವುದು ಅವರ ದಿನಚರಿ. ಸರಕಾರವನ್ನು ಬೈಯಲು ಅವರಿಗೆ ಕಾರಣವಿತ್ತು. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಅವರ ಗದ್ದೆಗಳೆಲ್ಲ ಗೇಣಿದಾರರ ಪಾಲಾಗಿದ್ದವು. ಆಮೇಲೆ ಅವರಿಗೆ ಯಾವ ಕೊರತೆಯೂ ಆಗಲಿಲ್ಲ. ಮಕ್ಕಳು ಸೊರಬದಲ್ಲೇ ಗೊಬ್ಬರದ ಅಂಗಡಿ ಇಟ್ಟು ಚೆನ್ನಾಗಿದ್ದರು. ಆದರೆ ತಮ್ಮ ಹೆಸರಿನಲ್ಲಿ ಜಮೀನು ಅಂತ ಒಂದು ಗುಂಟೆಯೂ ಇಲ್ಲ ಎನ್ನುವುದು ಅವರ ಗಂಟಲಿನ ಮುಳ್ಳು. ಮಕ್ಕಳು ಕೊಂಡ ಜಮೀನು ಮಕ್ಕಳ ಹೆಸರಿನಲ್ಲಿತ್ತು.

ಜಗಲಿಯ ಕಂಪ್ಯೂಟರನ್ನು ಅವರು ಮೊದಲು 'ಎಂಥ ಹುಚ್ಚು ಮಾರಾಯ' ಎಂದು ಮೂದಲಿಸಿದರು. ಒಂದು ದಿನ ಪರದೆಯ ಮೇಲೆ ಹೊಲದ ವಿಷಯ ಕಂಡರು. ಮಾರನೆಯ ದಿನ ಕುರ್ಚಿಯನ್ನು ಹತ್ತಿರ ಎಳೆದರು. ಸಾಹುಕಾರರು ಅರೆಪಾಲಿಗೆ ಜನ ಹುಡುಕುತ್ತಿದ್ದಾರೆ ಎಂದು ತಿಳಿದಾಗ, ಏನೂ ಅಲ್ಲವೆಂಬಂತೆ, "ಹೊತ್ತು ಹೋಗ್ತದೆ, ನಾನೇ ಮಾಡ್ತೀನಿ ಬಿಡಿ" ಎಂದರು.

ಕಳೆ ಕೀಳುವುದಕ್ಕೆ ಮೂರೇ ಅಕ್ಷರ ಬೇಕಾಗಿತ್ತು. ಪಟೇಲರು ಕೀಲಿಮಣೆಯಲ್ಲಿ ಆ ಮೂರನ್ನು ಹುಡುಕಿ ಇಟ್ಟುಕೊಂಡರು. ಬಲಗೈಯ ತೋರುಬೆರಳನ್ನು ಗಿಳಿಯ ಕೊಕ್ಕಿನ ಹಾಗೆ ಎತ್ತಿ ಕುಕ್ಕುತ್ತ, ಒಂದು ಹೊಲ ಮುಗಿಸಿ ಇನ್ನೊಂದಕ್ಕೆ, ಬಿಸಿಲೇರುವ ತನಕ ಕಳೆ ಕೀಳುತ್ತಿದ್ದರು. ಮಧ್ಯೆ ನಮ್ಮ ಅತ್ತೆ ಫೋನು ಎತ್ತಿದರೆ, "ಅಮ್ಮಾ, ಗದ್ದೇಲಿದೀನಿ!" ಎಂದು ಕೂಗುತ್ತಿದ್ದರು. ಅತ್ತೆಯವರು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುತ್ತಿದ್ದರು. ಶಿಕಾರಿಪುರದ ವೀರರೆಲ್ಲ ತಿಂದದ್ದು ಆ ಒಂದು ಬೆರಳು ಬೆಳೆದ ಗೋಧಿ.

ಒಂದು ಭಾನುವಾರ ನಾನು ಸೊರಬಕ್ಕೆ ಹೋಗಿದ್ದಾಗ ಪಟೇಲರು ನನ್ನನ್ನು ಅಂಗಳದಾಚೆ ಕರೆದೊಯ್ದರು.

"ಮೇಷ್ಟ್ರೆ, ಸಾಹುಕಾರ್ರು ಹೊಲ ಮಾರ್ತಾರಂತೆ. ಯಾರೋ ಕಂಟ್ರಾಕ್ಟರಿಗಂತೆ. ಐದು ಸಾವಿರಕ್ಕಂತೆ. ರೂಪಾಯಿ!"

"ಅವರ ಹೊಲ, ಮಾರ್ತಾರೆ."

"ಆ ಕಂಟ್ರಾಕ್ಟರು ತನ್ನ ಜನಾನೇ ಇಡ್ತಾನಂತೆ. ನಾನು ಎದ್ದು ಹೋಗ್ಬೇಕಂತೆ." ಅವರು ಧ್ವನಿ ತಗ್ಗಿಸಿದರು. "ಆ ನಾಲ್ಕು ಹೊಲ ನನ್ನ ಹೆಸರಿಗೆ ಆಗ್ಬೇಕು. ನಾನು ಗೇಣಿದಾರ. ಉತ್ತಿದ್ದು ನಾನು. ನಿಮ್ಮ ಭಾವಮೈದನಿಗೆ ಅರ್ಜಿ ಕೊಡ್ತೀನಿ, ತೀರ್ಪು ನೀವು ಹೇಳ್ಬೇಕು."

ಗೇಣಿದಾರ ಎಂಬ ಪದ ಹೇಳಿದ ಮಾತ್ರಕ್ಕೆ ಜಗಲಿಯಿಂದ ಎದ್ದು ಹೋಗುತ್ತಿದ್ದ ಮನುಷ್ಯ! ಇಪ್ಪತ್ತು ವರ್ಷ ಆ ಕಾನೂನನ್ನು ಬೈದು ಬೈದು ಅವರಿಗೆ ಅದರ ಕಲಮುಗಳೆಲ್ಲ ಬಾಯಿಪಾಠವಾಗಿದ್ದವು. ಸೋತವನಷ್ಟು ಚೆನ್ನಾಗಿ ಕಾನೂನು ತಿಳಿದವನು ಇನ್ನೊಬ್ಬನಿಲ್ಲ.

ವಿಚಾರಣೆ ಮುಂದಿನ ಭಾನುವಾರ ಮಾವನ ಜಗಲಿಯಲ್ಲಿ ನಡೆಯಿತು. ನಾನು ಶಾಲು ಹೊದ್ದು ಕೂತೆ. ಸಾಹುಕಾರರು ತಮ್ಮ ಜೀಪಿನಲ್ಲಿ ಶಿಕಾರಿಪುರದಿಂದ ಬಂದರು. ಭಾವಮೈದ ನೋಂದಣಾಧಿಕಾರಿಯ ಗತ್ತಿನಲ್ಲಿ ಕಂಪ್ಯೂಟರಿನ ಪಕ್ಕ ನಿಂತ.

"ರೊಕ್ಕ ಕೊಟ್ಟಾಂವ ನಾನು" ಎಂದು ಸಾಹುಕಾರರು ಶುರು ಮಾಡಿದರು. "ಪಟೇಲ್ರಿಗೆ ಪಾಲು ಕೊಟ್ಟೀನಿ. ಒಂದು ಕಾಳು ಕಮ್ಮಿ ಮಾಡಿಲ್ಲ. ಹೌದಿಲ್ರೀ?"

"ಹೌದು" ಎಂದರು ಪಟೇಲರು. "ನಾನೂ ಒಂದು ಕಾಲದಲ್ಲಿ ಹಿಂಗೇ ಹೇಳ್ದೆ. ಪತ್ರ ನನ್ನದು, ಕಂದಾಯ ಕಟ್ಟಿದ್ದು ನಾನು ಅಂತ. ಆ ಭೂನ್ಯಾಯಮಂಡಳಿ ಸಾಹೇಬರು ಪತ್ರಾನೇ ನೋಡ್ಲಿಲ್ಲ. ಕೆಸರಿಗೆ ಇಳ್ದಿದ್ದು ಯಾರು ಅಂತ ಕೇಳಿ ನನ್ನ ಕಾಲು ನೋಡಿದ್ರು. ನನ್ನ ಕಾಲು ಆಗ ಬೆಳ್ಳಗೆ ಇತ್ತು. ಕೇಸು ಅಲ್ಲಿಗೆ ಮುಗೀತು."

"ಇದು ಬರೇ ಆಟ ಐತ್ರೀ ಪಟೇಲ್ರ!"

"ಆಟಕ್ಕೆ ಸಾವಿರ ರೂಪಾಯಿ ಯಾಕೆ ಕೊಟ್ರಿ? ಐದು ಸಾವಿರ ಯಾಕೆ ಕೇಳ್ತಿದೀರಿ?"

ಸಾಹುಕಾರರು ಹೆಗಲ ಟವೆಲು ಇಳಿಸಿ ತೊಡೆಯ ಮೇಲೆ ಹಾಕಿಕೊಂಡರು.

ನಾನು ಸಾಕ್ಷ್ಯ ಕೇಳಿದೆ. ಪಟೇಲರು ಕೀಲಿಮಣೆ ತೋರಿಸಿದರು. ಕಳೆ ಕೀಳುವ ಆ ಮೂರು ಅಕ್ಷರಗಳು ಸವೆದು ಬಿಳಿಚಿಕೊಂಡಿದ್ದವು, ಮಿಕ್ಕವೆಲ್ಲ ಹೊಸದರ ಹಾಗಿದ್ದವು. ಅವರ ತೋರುಬೆರಳಿನ ತುದಿಯೂ ಗಟ್ಟಿಯಾಗಿತ್ತು. ಸಾಹುಕಾರರ ಕೈ ತೋರಿಸಲು ಹೇಳಿದೆ. ಅವರು ಟವೆಲಿನ ಕೆಳಗೆ ಇಟ್ಟುಕೊಂಡರು. ಅಕ್ಕಪಕ್ಕದವರ ಹೇಳಿಕೆಗೆ ಅತ್ತೆಯವರನ್ನು ಕರೆದೆ. ಅವರು ಬಾಗಿಲ ಮರೆಯಿಂದಲೇ ಹೇಳಿದರು:

"ಅಳಿಯಂದ್ರೆ, ದಿನಾ ಬೆಳಿಗ್ಗೆ ಇವ್ರು ಬಂದು ಕೂತ್ರೆ ನಂಗೆ ಫೋನು ಇಲ್ಲ. ಚಂದ್ರಗುತ್ತೀಲಿ ನಮ್ಮ ಅಕ್ಕಂಗೆ ಹುಷಾರಿಲ್ಲ ಅನ್ನೋದು ಮೂರು ದಿನ ಆದ್ಮೇಲೆ ಗೊತ್ತಾಯ್ತು. ಅಷ್ಟು ಮಾತ್ರ ಹೇಳ್ತೀನಿ."

ಇದಕ್ಕಿಂತ ಬಲವಾದ ಸಾಕ್ಷ್ಯ ಯಾವ ನ್ಯಾಯಮಂಡಳಿಗೂ ಸಿಕ್ಕಿರಲಾರದು. ಬಳ್ಳಿಗಾವಿಯ ಕಲ್ಲುಶಾಸನಗಳ ಧಾಟಿಯಲ್ಲಿ ತೀರ್ಪು ಬರೆದೆ. ನಾಲ್ಕು ಹೊಲಗಳ ಎಲ್ಲೆ ಹೇಳಿ, ಇವು ಆಚಂದ್ರಾರ್ಕವಾಗಿ ಪಟೇಲರಿಗೆ ಸಲ್ಲತಕ್ಕದ್ದೆಂದು ವಿಧಿಸಿ, ಇದಕ್ಕೆ ತಪ್ಪಿದವರು ಹುಳುವಾಗಿ ಹುಟ್ಟುವರೆಂಬ ಶಾಪವನ್ನೂ ಸೇರಿಸಿದೆ. ಸಾಹುಕಾರರಿಗೆ ಪರಿಹಾರ ಕೊಡಬೇಕೆಂದಾಗ ಪಟೇಲರು ತಕ್ಷಣ ಒಪ್ಪಿದರು.

"ಕೊಡ್ತೀನಿ. ವರಹದಲ್ಲಿ. ಸರಕಾರ ನಂಗೆ ಕೊಟ್ಟ ಹಾಗೇ, ಕಂತಿನಲ್ಲಿ."

ಸಾಹುಕಾರರಿಗೆ ಸಿಟ್ಟೂ ಬಂತು, ನಗುವೂ ಬಂತು. "ಸರ, ನೀವು ಕಾಲೇಜಿನಾಗ ಇದನ್ನ ಕಲಸ್ತೀರೇನು?" ಎಂದು ನನ್ನನ್ನು ಕೇಳಿ, ಅತ್ತೆಯವರು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಜೀಪು ಹತ್ತಿದರು. ಭಾವಮೈದ ಕಮಾಂಡ್ ಹಾಕಿದ. ಹೊಲದ ಮುಂದೆ ಪಟೇಲರ ಹೆಸರು ಬಂತು. ಅವರು ಕನ್ನಡಕ ಒರೆಸಿ ಓದಿದರು. ಮತ್ತೆ ಒರೆಸಿ ಮತ್ತೆ ಓದಿದರು.

ನ್ಯಾಯ ಹೇಳಿದ ಹೆಮ್ಮೆಯಲ್ಲಿ ನಾನು ಒಂದು ವಾರ ತೇಲಿದೆ. ಅಷ್ಟರಲ್ಲಿ ಆಟದ ಊರಿನ ರೊಟ್ಟಿಯಂಗಡಿಯಲ್ಲಿ ರೊಟ್ಟಿ ಮುಗಿದಿತ್ತು.

ಸೊರಬಕ್ಕೆ ಓಡಿ ನೋಡಿದರೆ ಪಟೇಲರು ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದಾರೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ.

"ಪಟೇಲ್ರೆ, ಕಳೆ?"

"ಬೆಳೆದಿರ್ಬೇಕು."

"ಕೀಳೋದಿಲ್ವೆ?"

ಅವರು ಪೇಪರು ಕೆಳಗಿಟ್ಟರು. "ಎಂಥ ಮಾತಾಡ್ತೀರಿ ಮೇಷ್ಟ್ರೆ! ಒಡೆಯ ಆದ್ಮೇಲೆ ಕಳೆ ಕೀಳೋದಾ? ಎಲ್ರೂ ನೋಡ್ತಿರ್ತಾರಲ್ಲ, ಆ ಬ್ಯಾಂಕಿನವ್ನು, ಆ ದನದ ಆಸ್ಪತ್ರೆಯವ್ನು. ನಮ್ಮ ಮನೆತನದಲ್ಲಿ ಯಾರೂ ಮಣ್ಣು ಮುಟ್ಟಿಲ್ಲ."

"ಹಾಗಾದ್ರೆ ಯಾರಿಗಾದ್ರೂ ಪಾಲಿಗೆ ಕೊಡಿ. ಕಾಂಪೌಂಡರ್ ಮಾಡ್ತೀನಿ ಅಂತಿದಾನೆ."

ಪಟೇಲರು ನನ್ನತ್ತ ಬಾಗಿದರು. ದಡ್ಡ ವಿದ್ಯಾರ್ಥಿಗೆ ಹೇಳುವಷ್ಟು ತಾಳ್ಮೆಯಿಂದ ಹೇಳಿದರು: "ಇವತ್ತು ಮಾಡ್ತೀನಿ ಅಂತಾನೆ. ನಾಳೆ ಗೇಣಿದಾರ ಅಂತ ಅರ್ಜಿ ಹಿಡ್ಕೊಂಡು ನಿಮ್ಮ ಹತ್ರಾನೇ ಬರ್ತಾನೆ. ತೀರ್ಪು ಕೊಡೋರು ನೀವೇ ಅಲ್ವಾ?"

ನನ್ನದೇ ತೀರ್ಪು, ನನ್ನದೇ ಶಾಪ. ಕಾನೂನು ಬಂದ ಮೇಲೆ ಗೇಣಿಗೆ ಕೊಡಲು ಹೆದರಿ ಎಷ್ಟೋ ಜನ ಜಮೀನು ಬೀಳು ಬಿಟ್ಟದ್ದನ್ನು ನಾನು ಈ ಸೀಮೆಯಲ್ಲೇ ಕಂಡವನು.

ಆಮೇಲಿನದ್ದು ಕ್ಷಾಮದ ಚರಿತ್ರೆ. ಮನೆಮನೆಯಲ್ಲೂ ಲಕ್ಷಗಟ್ಟಲೆ ವರಹ, ಎಲ್ಲಿಯೂ ಒಂದು ರೊಟ್ಟಿಯಿಲ್ಲ. ಮೊದಲು ಬಡವರು ಸತ್ತರು, ಆಮೇಲೆ ವೀರರು ಸತ್ತರು. ಪಾಲಿಗೆ ಬಂದ ರೊಟ್ಟಿ ಕೂಡಿಟ್ಟುಕೊಂಡಿದ್ದ ಪಟೇಲರಿಗೆ ಮಾತ್ರ ಏನೂ ಆಗಲಿಲ್ಲ. ಎಲ್ಲರಿಗಿಂತ ಹೆಚ್ಚು ವರಹ ಇದ್ದ ಸಾಹುಕಾರರು ಆ ರಾಶಿಯ ಮೇಲೆ ಕೂತೇ ಹಸಿವಿನಿಂದ ತೀರಿಕೊಂಡರು. ಸಾಯುವ ಮುನ್ನ ಒಮ್ಮೆ ಜೀಪಿನಲ್ಲಿ ಬಂದು, ಪಟೇಲರ ಕೈಯ ಮೇಲೆ ಟವೆಲು ಹಾಸಿ ಬೆರಳು ಅದುಮಿದರು. ಎಷ್ಟು ಅದುಮಿದರೋ ದೇವರಿಗೇ ಗೊತ್ತು. ಪಟೇಲರು ಕೈ ಈಚೆಗೆ ಎಳೆದುಕೊಂಡು "ಜಮೀನು ಮಾರ್ಕೊಳ್ಳೋ ಸ್ಥಿತಿ ನಮ್ಗಿನ್ನೂ ಬಂದಿಲ್ಲ" ಎಂದರು.

ಕೊನೆಗೆ ಭಾವಮೈದ ಬೇಸತ್ತ. ಕುರ್ಚಿಗಳು ಖಾಲಿ, ಬಿಲ್ಲುಗಳು ಹಾಗೆಯೇ. "ಎಲ್ಲ ಅಳಿಸಿ ಹೊಸದಾಗಿ ಶುರು ಮಾಡ್ತೀನಿ ಭಾವ. ಈ ಸಲ ದುಡ್ಡಿನ ವ್ಯವಹಾರ ಬೇಡ" ಎಂದ. ಅದನ್ನು ಜಗಲಿಯಲ್ಲೇ ಹೇಳಿದ. ಪಟೇಲರು ಕೇಳಿಸಿಕೊಂಡರು.

"ನನ್ನ ಹೊಲ?"

"ಅದೂ ಹೋಗ್ತದೆ ಪಟೇಲ್ರೆ. ಎಲ್ಲಾ ಹೋಗ್ತದೆ."

ಅವರು ಬೈಯಲಿಲ್ಲ. ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, "ಇನ್ನೊಂದ್ ಸಲಾನಾ?" ಎಂದರು.

ಭಾವಮೈದ ನನ್ನ ಮುಖ ನೋಡಿದ. ಈ ಸಲ ನಾನು ಸೂರು ನೋಡಲಿಲ್ಲ. "ಆ ಊರನ್ನ ಇಲ್ಲೇ ಸೊರಬದ ಯಂತ್ರದಲ್ಲಿ ಬಿಟ್ಟುಬಿಡು" ಎಂದೆ. ಅವನು ಹಾಗೇ ಮಾಡಿದ. ಶಿಕಾರಿಪುರದಲ್ಲಿ ಹೊಸ ಊರು, ಹೊಸ ಇಲಿ. ಹಳೆಯ ಊರು ಜಗಲಿಯ ಯಂತ್ರದಲ್ಲಿ ಒಂಟಿಯಾಗಿ ಉಳಿಯಿತು. ಅದರಲ್ಲಿ ಮನುಷ್ಯನಾಗಿ ಪಟೇಲರೊಬ್ಬರೇ. ಫೋನಿನ ತಂತಿ ಕಿತ್ತು ಅತ್ತೆಯವರ ಕೈಗೆ ಒಪ್ಪಿಸಲಾಯಿತು. ಅವರು ಅವತ್ತು ಚಂದ್ರಗುತ್ತಿಯ ಅಕ್ಕನ ಜೊತೆ ಮಾತಾಡಿದ್ದು ಮಾತಾಡಿದ್ದೇ.

ಹೊಸ ಊರು ಒಂದು ತಿಂಗಳು ಶುದ್ಧವಾಗಿತ್ತು. ಆಮೇಲೆ ಚಹಾದಂಗಡಿಯಲ್ಲಿ ಟವೆಲು ಕಾಣಿಸಿತು. ನಾನು ಆ ಕಡೆ ಹೋಗುವುದು ಬಿಟ್ಟು ಪಠ್ಯಪುಸ್ತಕಕ್ಕೆ ಮರಳಿದೆ.

ಕೆಲವು ವಾರ ಕಳೆದು ಸೊರಬಕ್ಕೆ ಹೋದಾಗ ಬಸ್ಸು ಬೇಗ ತಲುಪಿತ್ತು. ಮಾವನವರು ಸ್ನಾನಕ್ಕೆ ಹೋಗಿದ್ದರು, ಜಗಲಿಯಲ್ಲಿ ಯಾರೂ ಇಲ್ಲವೆಂದುಕೊಂಡೆ. ಟಕ್ ಟಕ್ ಎಂದು ಸದ್ದು ಕೇಳಿಸಿತು. ಪಟೇಲರು ಪಂಚೆ ಮೇಲಕ್ಕೆ ಕಟ್ಟಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಗಿಳಿಕೊಕ್ಕಿನ ಬೆರಳಿನಿಂದ ಕುಕ್ಕುತ್ತಿದ್ದರು. ಮೂರು ಹೊಲ ಚೊಕ್ಕಟವಾಗಿದ್ದವು, ನಾಲ್ಕನೆಯದು ಅರ್ಧ ಮುಗಿದಿತ್ತು.

ನಾನು ನಿಂತದ್ದು ಅವರಿಗೆ ಗೊತ್ತಾಯಿತು. ಬೆರಳು ನಿಲ್ಲಲಿಲ್ಲ, ತಲೆಯೂ ತಿರುಗಲಿಲ್ಲ.

"ಏನ್ ಮಾಡೋದು ಮೇಷ್ಟ್ರೆ" ಎಂದರು, "ಈಗಿನ ಕಾಲದಲ್ಲಿ ಆಳುಗಳು ಸಿಗಲ್ಲ."